ಕೈಪಿಡಿಯ ಅಂಚಿನ ಬರಹ

ಜೋಡಿಸಿ ಆಡುವ ಆಟಿಕೆಗಳಲ್ಲಿ ಬಿಡಿಭಾಗಗಳು ದೀರ್ಘಕಾಲ ಉಳಿಯುತ್ತವೆ. ಜೋಡಣೆಯ ಕ್ರಮವನ್ನು ತಿಳಿಸುವ ಕೈಪಿಡಿ ಮೊದಲು ನಾಶವಾಗುತ್ತದೆ. ಬಳ್ಳಾರಿ ನಗರದ ಒಬ್ಬ ನಿವೃತ್ತ ಉಪನ್ಯಾಸಕರ ಪಾಲಿಗೆ ಮಾತ್ರ ಇದು ತಿರುಗುಮುರುಗಾಯಿತು. ಸಿರುಗುಪ್ಪದ ಹಿರಿಯರ ಮನೆಯನ್ನು ತೆರವು ಮಾಡುವಾಗ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಬಾಲ್ಯದ ಮೆಕ್ಯಾನಿಕ್ಸ್ ಆಟಿಕೆಯ ಕೈಪಿಡಿಗಳು ದೊರೆತವು. ಪಟ್ಟಿ, ತಿರುಪು, ನಟ್ಟು, ಗಾಲಿಗಳೆಲ್ಲ ಎಂದೋ ಕುರುಗೋಡಿನ ತಂಗಿಯ ಮನೆ ಸೇರಿದ್ದವು.

ಈ ಬಗೆಯ ಆಟಿಕೆಯ ಮೂಲಪುರುಷ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ. 1901ರಲ್ಲಿ ಆತ ಪೇಟೆಂಟ್ ಪಡೆದ ಆಟಿಕೆಯೇ ಮುಂದೆ ಮೆಕ್ಯಾನೊ ಎಂದು ಪ್ರಸಿದ್ಧವಾಯಿತು. ಸಮಾನ ಅಂತರದ ರಂಧ್ರಗಳುಳ್ಳ ಲೋಹದ ಪಟ್ಟಿ ಇಂದು ಸೇತುವೆಯ ಅಂಗವಾದರೆ ನಾಳೆ ಕ್ರೇನಿನ ತೋಳಾಗುತ್ತದೆ. ಹೀಗಾಗಿ ಪಟ್ಟಿಯನ್ನು ನೋಡಿ ಅದರ ಸ್ಥಾನವನ್ನು ಊಹಿಸಲಾಗದು. ಅದನ್ನು ಹೇಳುವುದು ಕೈಪಿಡಿಯೇ.

ಅಕ್ಕಿ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದ ತಂದೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಚಿತ್ರಗಳನ್ನೇ ಓದಿ, ಪ್ರತಿ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಸೂಚನೆಗಳನ್ನು ಬರೆದಿದ್ದರು. ಮೂಲಪಾಠಕ್ಕೆ ಟೀಕೆ ಬರೆಯುವ ನಮ್ಮ ಹಳೆಯ ಪರಂಪರೆಯ ಅರಿವು ಅವರಿಗೆ ಇದ್ದಿರಲಾರದು. ಮಾಡಿದ್ದು ಮಾತ್ರ ಅದೇ ಕೆಲಸ.

ಉಪನ್ಯಾಸಕರು ಮೊದಲು ಕೈಪಿಡಿಗಳನ್ನು ಮಾದರಿಗಳಿಗನುಗುಣವಾಗಿ ವಿಂಗಡಿಸಿದರು: ಕ್ರೇನು, ಸೇತುವೆ, ಲಾರಿ. ಒಂದೇ ಕೈಪಿಡಿಯಲ್ಲಿ ಹಲವು ಮಾದರಿಗಳಿದ್ದುದರಿಂದ ಆ ಕ್ರಮ ನಿಲ್ಲಲಿಲ್ಲ. ಕೊನೆಗೆ ಮುಖಪುಟದ ಸೆಟ್ಟಿನ ಸಂಖ್ಯೆಯನ್ನೇ ಆಧಾರವಾಗಿಟ್ಟುಕೊಂಡು, ಯಾವ ಮಾದರಿ ಎಲ್ಲಿದೆಯೆಂಬ ಸೂಚಿಯನ್ನು ಒಂದು ನೋಟುಬುಕ್ಕಿನಲ್ಲಿ ಬರೆದರು. ಮೊಮ್ಮಕ್ಕಳ ಲೆಗೋ ಕೈಪಿಡಿಗಳೂ ಅದೇ ಕ್ರಮದಲ್ಲಿ ಸೇರಿಕೊಂಡವು. ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತಿದ್ದ ಪಿನ್ನುಗಳನ್ನು ತೆಗೆದು ಹತ್ತಿಯ ದಾರದಿಂದ ಹೊಲಿದರು. ಹರಿದೆಡೆ ಅಂಟುಪಟ್ಟಿ ಹಚ್ಚಲಿಲ್ಲ. ಅದರ ಅಂಟು ಕಾಲಾನಂತರ ಹಳದಿಗಟ್ಟಿ ಕಾಗದವನ್ನೇ ಕೆಡಿಸುತ್ತದೆ. ಮೇಲೂ ಕೆಳಗೂ ರಟ್ಟನ್ನಿಟ್ಟು ಬಟ್ಟೆಯಲ್ಲಿ ಸುತ್ತಿದರು. ತಾಳೆಗರಿಯ ಗ್ರಂಥಗಳನ್ನು ಗರಿಗೊಂದು ಅಂಕಿ, ರಂಧ್ರದಲ್ಲಿ ದಾರ, ಎರಡು ಹಲಗೆ, ಹೊರಗೊಂದು ವಸ್ತ್ರ ಎಂಬ ಏರ್ಪಾಟಿನಿಂದ ಕಾಪಾಡಿಕೊಂಡು ಬಂದ ನಾಡಿನಲ್ಲಿ ಇದು ಹೊಸ ವಿಧಾನವೇನಲ್ಲ.

ಹಳೆಯ ವಸ್ತುಗಳನ್ನು ಸಂಗ್ರಹಿಸುವ ಸ್ನೇಹಿತರೊಬ್ಬರು, ಬರಹವಿಲ್ಲದ ಶುಭ್ರ ಪ್ರತಿಗೇ ಬೆಲೆಯೆಂದೂ ಪೆನ್ಸಿಲಿನ ಗೆರೆಗಳನ್ನು ಅಳಿಸುವುದು ಒಳ್ಳೆಯದೆಂದೂ ಸಲಹೆಯಿತ್ತರು. ಉಪನ್ಯಾಸಕರು ಕ್ರೇನಿನ ಪುಟದಿಂದಲೇ ಆರಂಭಿಸಿದರು. ಒಂದು ಸಾಲು ಅಳಿಸಿದ ಮೇಲೆ ಏಕೋ ಕೈ ಮುಂದುವರಿಯಲಿಲ್ಲ.

ಕೆಲವು ದಿನಗಳ ತರುವಾಯ ತಂಗಿ ಕುರುಗೋಡಿನಿಂದ ಬಿಡಿಭಾಗಗಳ ಡಬ್ಬಿಯನ್ನು ತಂದರು. ಇಬ್ಬರೂ ಕುಳಿತು ಕ್ರೇನನ್ನು ಜೋಡಿಸಿದರು. ಎಲ್ಲವೂ ಚಿತ್ರದಲ್ಲಿದ್ದಂತೆಯೇ ಇತ್ತು. ಆದರೆ ತೋಳು ಅಲುಗಲಿಲ್ಲ. ತಂಗಿ ಪುಟವನ್ನೆತ್ತಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು.

"ಅಪ್ಪ ಬರೆದದ್ದು ಇಲ್ಲೇ ಐತಲ್ಲ, ಅಣ್ಣಾ!"

ಸೀಸ ಅಳಿದಿದ್ದರೂ ಒತ್ತಿ ಬರೆದ ಅಕ್ಷರಗಳ ತಗ್ಗು ಕಾಗದದಲ್ಲಿ ಉಳಿದಿತ್ತು: ಈ ನಟ್ಟು ಬಿಗಿಯಬೇಡ, ತಿರುಗಬೇಕು. ಅಚ್ಚಾದ ಚಿತ್ರ ನಟ್ಟಿನ ಸ್ಥಾನವನ್ನು ತೋರಿಸಿತ್ತು, ಅದರ ಬಿಗಿಯನ್ನಲ್ಲ. ಗಿರಣಿಯ ಯಂತ್ರಗಳೊಡನೆ ಬಾಳಿದ ಕೈಗೆ ಮಾತ್ರ ಆ ಕೊರತೆ ಕಂಡಿತ್ತು. ನಟ್ಟನ್ನು ಅರ್ಧ ಸುತ್ತು ಸಡಿಲಿಸಿದೊಡನೆ ತೋಳು ತಿರುಗಿತು.

ಆ ಸಾಲಿನ ಮೇಲೆ ಉಪನ್ಯಾಸಕರು ಮತ್ತೆ ಪೆನ್ಸಿಲು ಆಡಿಸಲಿಲ್ಲ. ಅಕ್ಷರ ತಂದೆಯದಾಗಿ ಉಳಿಯಲಾರದೆಂಬ ಅಳುಕು. ಅದನ್ನು ಸೂಚಿಯ ನೋಟುಬುಕ್ಕಿನಲ್ಲಿ ನಕಲು ಮಾಡಿ, ಪಕ್ಕದಲ್ಲಿ ಬರೆದರು: ಮೂಲದಲ್ಲಿ ಅಳಿಸಿದವನು ಮಗ, ಓದಿದವಳು ಮಗಳು. ಡಬ್ಬಿ ಕುರುಗೋಡಿಗೆ ಹಿಂದಿರುಗಲಿಲ್ಲ. ಈಗ ಅದು ಬಟ್ಟೆಯ ಕಟ್ಟಿನ ಪಕ್ಕದಲ್ಲಿಯೇ, ಅದೇ ಸಂಖ್ಯೆಯನ್ನು ಹೊತ್ತು ಕುಳಿತಿದೆ.