ಶನಿವಾರದ ಚಿಕ್ಕ ಓಟ

ಪುಣೆಯ ಹಳೆಯ ಪೇಟೆಗಳಿಗೆ ವಾರದ ದಿನಗಳ ಹೆಸರುಂಟು. ಸೋಮವಾರ ಪೇಟೆಯಿಂದ ಹಿಡಿದು ರವಿವಾರ ಪೇಟೆಯವರೆಗೆ ಏಳೂ ದಿನಗಳು ಅಲ್ಲಿ ಸಿಗುತ್ತವೆ. ನಾವಿರುವ ವಿಮಾನ ನಗರಕ್ಕೆ ಅಂಥ ಹಳಮೆಯಿಲ್ಲ. ಲೋಹಗಾಂವ್ ವಿಮಾನ ನಿಲ್ದಾಣದ ಮಗ್ಗುಲಲ್ಲಿ ಬೆಳೆದು, ಅದರ ಹೆಸರನ್ನೇ ಇಟ್ಟುಕೊಂಡ ಬಡಾವಣೆ ಇದು. ಬ್ರಿಟಿಷರು 1939ರಲ್ಲಿ ಅಲ್ಲಿ ವಾಯುಪಡೆಯ ನೆಲೆ ಹಾಕಿದರು. ಇಂದಿಗೂ ನೆಲೆ ವಾಯುಪಡೆಯದೇ. ಪ್ರಯಾಣಿಕರ ವಿಮಾನಗಳು ಅದೇ ಓಡುದಾರಿಯನ್ನು ಹಂಚಿಕೊಂಡು ಹಾರುತ್ತವೆ. ಸುಖೋಯ್ ಯುದ್ಧವಿಮಾನ ಮೇಲೇರಿತೆಂದರೆ ಕಿಟಕಿಯ ಗಾಜು ನಡುಗುತ್ತದೆ, ಮಾತು ನಿಲ್ಲುತ್ತದೆ. ಇಲ್ಲಿ ಬೆಳೆದ ಮಕ್ಕಳು ಮಾತಿನ ನಡುವೆ ಅರ್ಧ ನಿಮಿಷ ತಡೆದು, ಬಿಟ್ಟ ಪದದಿಂದಲೇ ಮುಂದುವರಿಸುವುದನ್ನು ಯಾರೂ ಹೇಳಿಕೊಡದೆಯೇ ಕಲಿತುಬಿಟ್ಟಿದ್ದಾರೆ.

ದಕ್ಷಿಣಕ್ಕೆ ನಗರ ರಸ್ತೆ. ಅದರ ಮೇಲೆ 2024ರಿಂದ ರಾಮವಾಡಿಯವರೆಗೆ ಮೆಟ್ರೋ ಬಂದಿದೆ. ಒಳಗೆ ದತ್ತ ಮಂದಿರ ಚೌಕ, ಕಾಲೇಜುಗಳು, ಮಾಲ್‌ಗಳು, ಸಾಫ್ಟ್‌ವೇರ್ ಕಚೇರಿಗಳು. ಮೆಟ್ಟಿಲ ಮೇಲೆ ಮರಾಠಿ, ಹಿಂದಿ, ಬಂಗಾಳಿ, ಮಲೆಯಾಳ ಎಲ್ಲವೂ ಕೇಳಿಸುತ್ತವೆ. ನಮ್ಮವರೂ ಕಡಿಮೆಯಿಲ್ಲ. ಧಾರವಾಡ, ಬೆಳಗಾವಿ, ಕಲಬುರ್ಗಿ ಕಡೆಯವರು, ಬೆಂಗಳೂರಿನಿಂದ ವರ್ಗವಾಗಿ ಬಂದವರು, ಕರಾವಳಿಯಿಂದ ಹೋಟೆಲು ನಡೆಸಲು ಬಂದವರು ಇದ್ದಾರೆ. ಚೌಕದ ಚಹಾದಂಗಡಿಯ ಮುಂದೆ ಐದು ನಿಮಿಷ ನಿಂತರೆ ಒಂದಾದರೂ ಕನ್ನಡ ದನಿ ಕಿವಿಗೆ ಬೀಳದೆ ಇರದು.

ಈ ಚಹಾದಂಗಡಿಯ ಮುಂದೆಯೇ ಇತ್ತೀಚೆಗೆ ಒಂದು ವಾದ ಹುಟ್ಟಿಕೊಂಡಿದೆ. ವಾದ ರಾಜಕೀಯದ್ದಲ್ಲ, ಕ್ರಿಕೆಟ್ಟಿನದೂ ಅಲ್ಲ, ಮೋಟಾರು ಪಂದ್ಯದ್ದು. ಪುಣೆಯಲ್ಲಿ ಇದು ಆಶ್ಚರ್ಯವೇನಲ್ಲ. ಆಕುರ್ಡಿಯಲ್ಲಿ ಬಜಾಜ್, ಪಿಂಪ್ರಿಯಲ್ಲಿ ಟಾಟಾ, ಚಾಕಣದಲ್ಲಿ ಮರ್ಸಿಡಿಸ್, ಫೋಕ್ಸ್‌ವ್ಯಾಗನ್. ಹೀಗೆ ಗಾಲಿಯಿಂದ ಅನ್ನ ತಿನ್ನುವ ಊರು ಇದು. ಇಲ್ಲಿಯ ಹುಡುಗರು ಎಂಜಿನ್ನಿನ ಸದ್ದು ಕೇಳಿಯೇ ಗಾಡಿಯ ಹೆಸರು ಹೇಳುತ್ತಾರೆ. ವಾದದ ವಿಷಯ ಇಷ್ಟು: ಫಾರ್ಮುಲಾ ಒನ್ ಪಂದ್ಯಗಳಲ್ಲಿ ಭಾನುವಾರದ ದೊಡ್ಡ ಓಟಕ್ಕೆ ಮುಂಚೆ ಶನಿವಾರ ನಡೆಯುವ 'ಸ್ಪ್ರಿಂಟ್' ಎಂಬ ಚಿಕ್ಕ ಓಟ ವಾರಾಂತ್ಯಕ್ಕೆ ರುಚಿ ಕೊಡುತ್ತದೆಯೋ, ಕೆಡಿಸುತ್ತದೆಯೋ?

ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ದೊಡ್ಡ ಓಟ ಸುಮಾರು 305 ಕಿಲೋಮೀಟರಿನದು, ಒಂದೂವರೆ ಗಂಟೆಯ ಮೇಲೆ ನಡೆಯುತ್ತದೆ. ನಡುವೆ ನಿಂತು ಚಕ್ರ ಬದಲಿಸಬೇಕು. ಯಾವಾಗ ನಿಲ್ಲಬೇಕೆಂಬುದರಲ್ಲಿಯೇ ಅರ್ಧ ಬುದ್ಧಿವಂತಿಕೆ. ಸ್ಪ್ರಿಂಟ್ ಸುಮಾರು 100 ಕಿಲೋಮೀಟರು, ಅರ್ಧ ಗಂಟೆಯ ಆಟ. ಅದರಲ್ಲಿ ನಿಲ್ಲಲೇಬೇಕೆಂಬ ಕಟ್ಟಳೆಯಿಲ್ಲ. ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ 2021ರ ಜುಲೈ 17ರಂದು ಇದು ಮೊದಲಾಯಿತು. ಆ ವರ್ಷ ಮೂರು, ಮರುವರ್ಷ ಮೂರು, 2023ರಿಂದ ವರ್ಷಕ್ಕೆ ಆರು. ಮೊದಲಲ್ಲಿ ಗೆದ್ದವರಿಗೆ ಮೂರೇ ಅಂಕ; 2022ರಿಂದ ಮೊದಲಿಗನಿಗೆ ಎಂಟು, ಎಂಟನೆಯವನಿಗೆ ಒಂದು. ಭಾನುವಾರ ಗೆದ್ದವನಿಗೆ ಇಪ್ಪತ್ತೈದು. ಮೊದಲೆರಡು ವರ್ಷ ಚಿಕ್ಕ ಓಟದ ಫಲಿತಾಂಶವೇ ದೊಡ್ಡ ಓಟದ ಸಾಲನ್ನು ನಿರ್ಣಯಿಸುತ್ತಿತ್ತು. 2023ರಲ್ಲಿ ಆ ಗಂಟನ್ನು ಬಿಚ್ಚಿ ಎರಡನ್ನೂ ಬೇರೆ ಮಾಡಿದರು.

ಕೆಡಿಸುತ್ತದೆ ಎನ್ನುವವರ ಮಾತು ಬರಿಯ ಹಟದ ಮಾತಲ್ಲ. ಸಾಧಾರಣ ವಾರಾಂತ್ಯದಲ್ಲಿ ಚಾಲಕರಿಗೆ ಮೂರು ಗಂಟೆಯ ಅಭ್ಯಾಸ ದೊರೆಯುತ್ತದೆ. ಸ್ಪ್ರಿಂಟ್ ಇದ್ದರೆ ಒಂದೇ ಗಂಟೆ. ಹಳೆಯ ಹುಲಿಗಳಿಗೆ ಅದು ಸಾಕು. ಆ ದಾರಿಯನ್ನು ಮೊದಲ ಬಾರಿಗೆ ಕಾಣುವ ಹೊಸಬನಿಗೆ ಕಷ್ಟ. ಎರಡನೆಯದು, ಭಾನುವಾರದ ಗುಟ್ಟು ಶನಿವಾರವೇ ರಟ್ಟಾಗುತ್ತದೆ. ಯಾರ ಗಾಡಿ ಓಡೀತು, ಯಾರದು ಕುಂಟೀತು ಎಂಬುದು ಮುಂಚಿತವಾಗಿ ತಿಳಿದರೆ ಮರುದಿನದ ಕಾತರ ಎಲ್ಲಿಂದ ಬರಬೇಕು? ಅತಿ ಹೆಚ್ಚು ಸ್ಪ್ರಿಂಟುಗಳನ್ನು ಗೆದ್ದ ಮ್ಯಾಕ್ಸ್ ವರ್‌ಸ್ಟಾಪನ್ ಅವರೇ ಇದು ತಮಗೆ ಹಿಡಿಸದೆಂದು ಬಹಿರಂಗವಾಗಿ ಹೇಳಿದ್ದುಂಟು.

ಇದಕ್ಕೆ ದೊಡ್ಡ ಸಾಕ್ಷಿ 2023ರ ಕತಾರ್. ವರ್ಷದ ಜಗಜಟ್ಟಿ ಯಾರೆಂಬುದು ಅಲ್ಲಿ ಅಕ್ಟೋಬರ್ 7ರ ಶನಿವಾರವೇ, ಚಿಕ್ಕ ಓಟದಲ್ಲಿಯೇ ಇತ್ಯರ್ಥವಾಗಿಹೋಯಿತು. ಸ್ಪ್ರಿಂಟ್ ಗೆದ್ದವರು ಆಸ್ಕರ್ ಪಿಯಾಸ್ಟ್ರಿ. ಎರಡನೆಯವರಾಗಿ ಬಂದ ವರ್‌ಸ್ಟಾಪನ್ ಅವರಿಗೆ ಮೂರನೆಯ ಬಾರಿಯ ಪಟ್ಟ. ಮದುವೆ ಭಾನುವಾರವೆಂದು ಕರೆಯೋಲೆ ಅಚ್ಚು ಹಾಕಿಸಿ, ಮಾಂಗಲ್ಯಧಾರಣೆಯನ್ನು ಶನಿವಾರ ಸಂಜೆಯೇ ಮುಗಿಸಿದಂತೆ. ಭಾನುವಾರ ಬಂದವರಿಗೆ ಊಟವೇನೋ ಉಂಟು, ನೋಡಬೇಕಾದದ್ದು ಆಗಿಹೋಗಿದೆ.

ಮೋಟಾರು ಸೈಕಲ್ಲಿನವರ ಪಾಡು ಇನ್ನೂ ಬೇರೆ. ಮೋಟೋಜಿಪಿಯಲ್ಲಿ 2023ರಿಂದ ವರ್ಷಕ್ಕೆ ಆರಲ್ಲ, ಪ್ರತಿಯೊಂದು ಪಂದ್ಯಕ್ಕೂ ಶನಿವಾರದ ಸ್ಪ್ರಿಂಟ್ ಕಡ್ಡಾಯ. ಆ ವರ್ಷ ಸೆಪ್ಟೆಂಬರಿನಲ್ಲಿ ಅವರು ನಮ್ಮ ದೇಶಕ್ಕೂ, ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿಗೆ ಬಂದಿದ್ದರು. ಶನಿವಾರದ ಓಟವನ್ನು ಹೋರ್ಹೆ ಮಾರ್ಟಿನ್ ಗೆದ್ದರು. ಭಾನುವಾರ ಸೆಕೆ ತಾಳಲಾರದೆ 24 ಸುತ್ತುಗಳನ್ನು 21ಕ್ಕೆ ಇಳಿಸಬೇಕಾಯಿತು. ಮಾರ್ಕೊ ಬೆಜೆಕ್ಕಿ ಗೆದ್ದರು. ಎರಡನೆಯವರಾಗಿ ಬಂದ ಮಾರ್ಟಿನ್ ನೀರಡಿಸಿ ಬಸವಳಿದು, ಗಾಡಿಯಿಂದ ಇಳಿದು ನಿಲ್ಲುವುದೇ ಕಷ್ಟವಾಯಿತು. ನೋಡುವವರಿಗೆ ಎರಡು ಹಬ್ಬ, ಓಡುವವನಿಗೆ ಒಂದೇ ದೇಹ.

ಇನ್ನು ರುಚಿ ಕೊಡುತ್ತದೆ ಎನ್ನುವವರ ಕಡೆ ಬರೋಣ. ಅವರು 2021ರ ಬ್ರೆಜಿಲ್ ಪಂದ್ಯವನ್ನು ಎತ್ತುತ್ತಾರೆ. ನಿಯಮದ ತೊಡಕಿನಿಂದ ಲೂಯಿಸ್ ಹ್ಯಾಮಿಲ್ಟನ್ ಅವರನ್ನು ಚಿಕ್ಕ ಓಟದಲ್ಲಿ ಕಟ್ಟಕಡೆಗೆ, ಇಪ್ಪತ್ತನೆಯ ಜಾಗದಲ್ಲಿ ನಿಲ್ಲಿಸಿದ್ದರು. ಅವರು ಅರ್ಧ ಗಂಟೆಯಲ್ಲಿ ಹದಿನೈದು ಜನರನ್ನು ಹಿಂದೆ ಹಾಕಿ ಐದನೆಯವರಾದರು. ಎಂಜಿನ್ ಬದಲಿಸಿದ ದಂಡಕ್ಕಾಗಿ ಭಾನುವಾರ ಮತ್ತೆ ಹತ್ತನೆಯ ಜಾಗ; ಅಲ್ಲಿಂದ ಹೊರಟು ದೊಡ್ಡ ಓಟವನ್ನೇ ಗೆದ್ದರು. ಶನಿವಾರದ ಆ ಅರ್ಧ ಗಂಟೆ ಇರದಿದ್ದರೆ ಭಾನುವಾರದ ಗೆಲುವಿಗೆ ಅಷ್ಟು ಕಳೆ ಬರುತ್ತಿರಲಿಲ್ಲ.

ನಮ್ಮ ನೆರೆಯಲ್ಲಿರುವ ಉಡುಪಿ ಕಡೆಯ ಹಿರಿಯರೊಬ್ಬರು ಈ ವಾದ ಕೇಳಿ ನಕ್ಕುಬಿಟ್ಟರು. "ಕಂಬಳದಲ್ಲಿ ಇರುವುದೆಲ್ಲ ಚಿಕ್ಕ ಓಟವೇ ಅಲ್ಲವಾ ಮಾರಾಯ್ರೆ?" ಎಂದರು. ಮಾತು ನಿಜ. ಕೆಸರುಗದ್ದೆಯ ಉದ್ದ ನೂರು-ನೂರೈವತ್ತು ಮೀಟರು. ಒಂದು ಓಟ ಕೆಲವೇ ಸೆಕೆಂಡುಗಳದು. ಆದರೆ ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ ಎಂದು ವಿಭಾಗಗಳು. ನೇಗಿಲಿನಲ್ಲಿಯೂ ಹಗ್ಗದಲ್ಲಿಯೂ ಹಿರಿಯ, ಕಿರಿಯ ಎಂಬ ಭೇದ. ರಾತ್ರಿಯಿಡೀ ಜೋಡಿಗಳು ಓಡುತ್ತವೆ. ಕಿರಿಯ ಕೋಣಗಳ ಓಟದಿಂದ ಹಿರಿಯ ಕೋಣಗಳ ಮರ್ಯಾದೆ ಕಡಿಮೆಯಾಯಿತೆಂದು ಯಾರೂ ಹೇಳಿಲ್ಲ. ಇಲ್ಲಿಯೇ ಪುಣೆ ಕ್ಯಾಂಪಿನ ರೇಸ್‌ಕೋರ್ಸಿನಲ್ಲಿ ಮಳೆಗಾಲದ ಕುದುರೆ ಪಂದ್ಯಗಳನ್ನು ನೋಡಿದರೂ ಹಾಗೆಯೇ. ಒಂದೇ ಮಧ್ಯಾಹ್ನದಲ್ಲಿ ಸಾವಿರ, ಸಾವಿರದ ಇನ್ನೂರು ಮೀಟರಿನ ಗಿಡ್ಡ ಓಟಗಳೂ ಉಂಟು, ಉದ್ದದವೂ ಉಂಟು. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಕಂಬಳದಲ್ಲಾಗಲಿ ಕುದುರೆ ಪಂದ್ಯದಲ್ಲಾಗಲಿ ಕಿರಿಯರ ಓಟದಲ್ಲಿ ಓಡುವವರು ಬೇರೆ, ಹಿರಿಯರ ಓಟದಲ್ಲಿ ಓಡುವವರು ಬೇರೆ. ಫಾರ್ಮುಲಾ ಒನ್ನಿನಲ್ಲಿ ಶನಿವಾರ ಓಡಿದವರೇ ಭಾನುವಾರವೂ ಓಡಬೇಕು. ಹೊಸ ಮುಖಗಳಿಗೆ ಅಲ್ಲಿ ಅವಕಾಶ ಹುಟ್ಟುವುದಿಲ್ಲ.

ಹೊಸ ಮುಖಗಳಿಗೆ ಅವಕಾಶ ಹುಟ್ಟುವುದು ಒಂದು ಮೆಟ್ಟಿಲು ಕೆಳಗೆ, ಫಾರ್ಮುಲಾ ಟೂದಲ್ಲಿ. ಕನ್ನಡಿಗರಾದ ನಮಗೆ ಈ ವಾದ ಹತ್ತಿರವಾಗುವುದೂ ಅಲ್ಲಿಯೇ. ಅಲ್ಲಿ ಶನಿವಾರದ ಚಿಕ್ಕ ಓಟಕ್ಕೆ ಸಾಲನ್ನು ಮಗುಚಿ ಹಾಕುತ್ತಾರೆ: ಅರ್ಹತಾ ಸುತ್ತಿನಲ್ಲಿ ಹತ್ತನೆಯವನಾದವನು ಮುಂದೆ, ಮೊದಲನೆಯವನು ಹತ್ತನೆಯ ಜಾಗದಲ್ಲಿ. 2025ರ ಮೇ 24ರಂದು ಮೊನಾಕೊದಲ್ಲಿ ಹೀಗೆ ಮುಂದೆ ನಿಂತವರು ಬೆಂಗಳೂರಿನ ಕುಶ್ ಮೈನಿ. ರೇವಾ ಎಂಬ ವಿದ್ಯುತ್ ಕಾರನ್ನು ಬೆಂಗಳೂರಿನಲ್ಲಿ ತಯಾರಿಸಿದ ಮನೆತನದ ಹುಡುಗ. ಮೂವತ್ತು ಸುತ್ತು ಓಡಿ ಅವರು ಗೆದ್ದರು. ಮೊನಾಕೊದಲ್ಲಿ ಫಾರ್ಮುಲಾ ಟೂ ಓಟ ಗೆದ್ದ ಮೊದಲ ಭಾರತೀಯರು ಅವರೇ.

ಆ ಸಂಜೆ ಚಹಾದಂಗಡಿಯ ಮುಂದೆ ಸಂತೋಷವೂ ಇತ್ತು, ಕೊಂಕೂ ಇತ್ತು. "ಹತ್ತನೆಯವನನ್ನು ತಂದು ಮುಂದೆ ನಿಲ್ಲಿಸಿದರೆ ಯಾರೂ ಗೆಲ್ಲುತ್ತಾರೆ, ಅಂಕವೂ ಹತ್ತೇ, ಭಾನುವಾರದ್ದಕ್ಕೆ ಇಪ್ಪತ್ತೈದು" ಎಂದರು ಒಬ್ಬರು. ಮನೆಗೆ ಬಂದ ಮೇಲೆ ಮಗ ಕೇಳಿದ: "ಅಪ್ಪಾ, ಸಣ್ಣ ಓಟ ಗೆದ್ದರ ಗೆದ್ದಂಗ ಅಲ್ಲೇನು?"

ಈ ಪ್ರಶ್ನೆಗೆ ಲೆಕ್ಕ ನೋಡಿಯೇ ಉತ್ತರ ಹೇಳಬೇಕು. ಭಾರತೀಯರು ಈ ಮೆಟ್ಟಿಲಿನಲ್ಲಿ ಗೆದ್ದ ಓಟಗಳ ಪಟ್ಟಿ ತೆಗೆದುಕೊಳ್ಳಿರಿ. ಆಗ ಜಿಪಿ ಟೂ ಎಂದು ಕರೆಯುತ್ತಿದ್ದ ಪಂದ್ಯದಲ್ಲಿ ಚೆನ್ನೈನ ಕರುಣ್ ಚಂಧೋಕ್ 2007ರಲ್ಲಿ ಬೆಲ್ಜಿಯಮ್ಮಿನ ಸ್ಪಾದಲ್ಲಿ, 2008ರಲ್ಲಿ ಜರ್ಮನಿಯ ಹಾಕನ್‌ಹೈಮಿನಲ್ಲಿ ಗೆದ್ದರು, ಎರಡೂ ಸ್ಪ್ರಿಂಟ್. ಮುಂಬಯಿಯ ಜೇಹಾನ್ ದಾರೂವಾಲಾ 2020ರಲ್ಲಿ ಬಹರೈನಿನ ಸಖೀರ್‌ನಲ್ಲಿ ಮೊದಲ ಗೆಲುವು ಕಂಡರು, ಅದೂ ಸ್ಪ್ರಿಂಟ್. ಅದೇ ದಾರೂವಾಲಾ 2022ರಲ್ಲಿ ಇಟಲಿಯ ಮೊಂಜಾದಲ್ಲಿ ಭಾನುವಾರದ ದೊಡ್ಡ ಓಟವನ್ನೇ ಗೆದ್ದರು. ಈ ಪಟ್ಟಿಯಿಂದ ಚಿಕ್ಕ ಓಟವನ್ನು ಹೊಡೆದುಹಾಕಿದರೆ ಉಳಿಯುವುದೆಷ್ಟು? ಚಿಕ್ಕ ಓಟ ಗೆದ್ದವನೇ ಮುಂದೆ ದೊಡ್ಡದನ್ನೂ ಗೆದ್ದದ್ದು ಇದರಲ್ಲಿಯೇ ಕಾಣುವುದಿಲ್ಲವೆ?

ಮುಂದಿನ ಜಾಗ ದಾನವಾಗಿ ಸಿಕ್ಕಿರಬಹುದು. ಅದನ್ನು ಉಳಿಸಿಕೊಳ್ಳುವುದು ದಾನವಲ್ಲ. ಮೊನಾಕೊದ ಬೀದಿ ಇಕ್ಕಟ್ಟಿನದು, ಎರಡೂ ಕಡೆ ತಡೆಗೋಡೆ. ಒಂದು ಗೇಣು ತಪ್ಪಿದರೆ ಗಾಡಿ ಗೋಡೆಗೆ. ತನಗಿಂತ ವೇಗದ ಸುತ್ತು ತೆಗೆದ ಒಂಬತ್ತು ಜನರು ಬೆನ್ನ ಹಿಂದೆ ಇದ್ದಾರೆಂದು ತಿಳಿದೂ ಮೂವತ್ತು ಸಲ ಆ ಬೀದಿ ಸುತ್ತಬೇಕು. ಪರ ಊರಿಗೆ ಬಂದು, ಯಾರೋ ಪರಿಚಯದವರ ಮಾತಿನಿಂದ ಮೊದಲ ಕೆಲಸ ಹಿಡಿದ ನಮ್ಮವರಲ್ಲಿ ಅನೇಕರಿಗೆ ಈ ಮಾತಿನ ಅರ್ಥ ಬೇಗ ಆದೀತು. ಬಾಗಿಲು ತೆರೆದವರು ಬೇರೆಯವರಾದರೂ ಒಳಗೆ ದುಡಿದವರು ನಾವೇ. ಮಗನಿಗೆ ನಾನು ಹೇಳಿದ್ದಿಷ್ಟು: "ಗೆದ್ದಂಗೇ ಅದ. ಅಂಕ ಹತ್ತು ಅಂತ ಬರಕೋ, ಗೆಲುವು ಒಂದು ಅಂತ ಬರಕೋ."

ಹಾಗಾದರೆ ತೀರ್ಮಾನವೇನು? ಹೊಸಬನಿಗೆ ಬಾಗಿಲು ತೆರೆಯುವ ಚಿಕ್ಕ ಓಟ ಬೇಕೇ ಬೇಕು. ಅದು ವಾರಾಂತ್ಯವನ್ನು ಕೆಡಿಸುವುದಿಲ್ಲ, ಬೆಳೆಸುತ್ತದೆ. ಗೆಲ್ಲುವವರೇ ಇನ್ನೊಮ್ಮೆ ಗೆಲ್ಲುವುದಕ್ಕಾಗಿ ಇಟ್ಟ ಚಿಕ್ಕ ಓಟವಾದರೆ ಮಿತಿ ಬೇಕು. ವರ್ಷದ ಇಪ್ಪತ್ತನಾಲ್ಕು ಪಂದ್ಯಗಳಲ್ಲಿ ಆರಕ್ಕೆ ಇಟ್ಟದ್ದು ಹಬ್ಬದ ಹೋಳಿಗೆಯಂತೆ ಸರಿಯೇ; ಮೋಟೋಜಿಪಿಯವರ ಹಾಗೆ ದಿನವೂ ಹೋಳಿಗೆಯಾದರೆ ಹೊಟ್ಟೆ ಕೆಡುತ್ತದೆ. ಅಭ್ಯಾಸದ ಹೊತ್ತನ್ನು ಕಸಿಯಬಾರದು, ಏಕೆಂದರೆ ಕಸಿದದ್ದು ಹೊಸಬನ ಪಾಲಿನಿಂದಲೇ ಹೋಗುತ್ತದೆ. ಕಡೆಗೆ, ವರ್ಷದ ಪಟ್ಟ ಶನಿವಾರ ನಿರ್ಣಯವಾಗದಂತೆ ಏನಾದರೂ ಕಟ್ಟಳೆ ಮಾಡಿದರೆ ಒಳ್ಳೆಯದು. ದೊಡ್ಡದು ದೊಡ್ಡದಾಗಿ ಉಳಿದರೆ ಮಾತ್ರ ಚಿಕ್ಕದಕ್ಕೂ ಬೆಲೆ.

ಮನೆಯ ವಾರಾಂತ್ಯದ ಲೆಕ್ಕ ಬೇರೆಯೇ ಉಂಟು. ಮಹಾರಾಷ್ಟ್ರದ ಸರ್ಕಾರಿ ಕಚೇರಿಗಳಿಗೆ 2020ರ ಫೆಬ್ರುವರಿ ಕೊನೆಯಿಂದ ಐದು ದಿನದ ವಾರ ಬಂದ ಮೇಲೆ ನಮ್ಮಂಥ ಗುಮಾಸ್ತರಿಗೆ ಶನಿವಾರವೆಂಬುದು ಹೊಸದಾಗಿ ಸಿಕ್ಕ ಆಸ್ತಿ. ಸಂತೆ, ನೆಂಟರು, ಮಕ್ಕಳ ಕನ್ನಡ ಪಾಠ ಎಲ್ಲವೂ ಅಂದೇ. ಮೊದಲು ಓಟವೆಂದರೆ ಭಾನುವಾರ ಸಂಜೆ ಆರೂವರೆ. 2025ರಲ್ಲಿ ಚೀನಾದ ಸ್ಪ್ರಿಂಟ್ ಬೆಳಗಿನ ತಿಂಡಿಯ ಹೊತ್ತಿಗೆ, ಬೆಲ್ಜಿಯಮ್ಮಿನದು ಮಧ್ಯಾಹ್ನ ಮೂರೂವರೆಗೆ, ಮಯಾಮಿಯದು ರಾತ್ರಿ ಊಟದ ಮೇಲೆ ಇತ್ತು. ಬೆಲ್ಜಿಯಮ್ಮಿಗೂ ನಾಲ್ಕು ಗಂಟೆಯ ಕನ್ನಡ ಪಾಠಕ್ಕೂ ನಮ್ಮ ಮನೆಯಲ್ಲಿ ಜಗಳವಾಗದೆ ಇರಲಿಲ್ಲ. ಕಡೆಗೆ ಮನೆಯಾಕೆ ಒಂದು ಒಪ್ಪಂದ ಮಾಡಿಸಿದಳು. ಮಗ ಪಾಠಕ್ಕೆ ಹೋಗಬೇಕು; ಓಟವನ್ನು ಮೊಬೈಲಿನಲ್ಲಿ ಆಮೇಲೆ ನೋಡಬಹುದು; ನೋಡಿದ ಮೇಲೆ ಅದರ ವರದಿಯನ್ನು ಹತ್ತು ಸಾಲಿನಲ್ಲಿ, ಕನ್ನಡದಲ್ಲಿ, ಬೆಂಗಳೂರಿನ ಅಜ್ಜನಿಗೆ ಬರೆದು ಕಳಿಸಬೇಕು. ಮೂರು ವರದಿಗಳು ಹೋಗಿವೆ. ಒತ್ತಕ್ಷರಗಳು ಇನ್ನೂ ಅಲ್ಲಲ್ಲಿ ದಾರಿ ಬಿಟ್ಟು ಹೊರಳುತ್ತವೆ. ಅಜ್ಜ ಅವನ್ನೆಲ್ಲ ತಿದ್ದಿ, ಮುಂದಿನ ಓಟ ಯಾವಾಗ ಎಂದು ಕೇಳಿದ್ದಾರೆ.