ಗೆಲ್ಲಬೇಕಾಗಿಲ್ಲದ ಆಟ

2009ರ ಡಿಸೆಂಬರಿನಲ್ಲಿ ನಾನು ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ, ಮಗಳ ಮನೆಯಲ್ಲಿದ್ದೆ. ಅಳಿಯಂದಿರಿಗೆ ಅಲ್ಲಿಯ ಫುಟ್‌ಬಾಲಿನ ಹುಚ್ಚು. ಹೆಸರಿಗೆ ಫುಟ್‌ಬಾಲ್, ಚೆಂಡು ಇರುವುದೆಲ್ಲ ಕೈಯಲ್ಲಿ. ಅದಿರಲಿ. 27ನೆಯ ತಾರೀಖು ಭಾನುವಾರ ನನ್ನನ್ನೂ ಮೊಮ್ಮಗನನ್ನೂ ಕೋಲ್ಟ್ಸ್ ತಂಡದ ಆಟಕ್ಕೆ ಕರೆದೊಯ್ದರು. ಮೊಮ್ಮಗ ಪೇಟನ್ ಮ್ಯಾನಿಂಗನ 18ನೆಯ ನಂಬರಿನ ಅಂಗಿ ತೊಟ್ಟಿದ್ದ. ಹಿಂದಿನ ರಾತ್ರಿ ಮಲಗಿದ್ದೂ ಅದರಲ್ಲೇ.

ದಾರಿಯಲ್ಲಿ ನನಗೆ ಪಾಠವಾಯಿತು. ಒಟ್ಟು 32 ತಂಡ, ಎರಡು ಕಾನ್ಫರೆನ್ಸು. ಆಗಿನ ನಿಯಮದಂತೆ ತಂಡಕ್ಕೆ 16 ಆಟ. ಕಾನ್ಫರೆನ್ಸಿಗೆ ಆರು ತಂಡ ಪ್ಲೇಆಫ್‌ಗೆ. ಮೊದಲೆರಡು ಸ್ಥಾನದವರಿಗೆ ಮೊದಲ ವಾರ ಬಿಡುವು. ಒಂದನೆಯವರಿಗೆ ಸೂಪರ್ ಬೌಲಿನವರೆಗೆ ತಮ್ಮ ಅಂಗಳದಲ್ಲೇ ಆಟ.

“ಹದಿನಾಲ್ಕಕ್ಕೆ ಹದಿನಾಲ್ಕೂ ಗೆದ್ದಿದ್ದೇವೆ ಮಾವ. ಒಂದನೆಯ ಸ್ಥಾನ ಆಗಲೇ ನಮ್ಮದು. ಇವತ್ತು ಸೋತರೂ ನಷ್ಟವಿಲ್ಲ.”

“ಹಾಗಾದರೆ ನಾವು ಹೋಗುತ್ತಿರುವುದೇತಕ್ಕೆ?”

“ಒಂದನ್ನೂ ಸೋಲದೆ ಪ್ರಶಸ್ತಿ ಗೆದ್ದದ್ದು 1972ರ ಮಯಾಮಿ ತಂಡ ಒಂದೇ. ಎರಡನೆಯವರು ನಾವಾಗಬೇಡವೆ?”

ಎದುರಾಳಿ ನ್ಯೂಯಾರ್ಕಿನ ಜೆಟ್ಸ್. ಅವರಿಗೋ ಪ್ಲೇಆಫ್ ಸೇರುವ ಚಿಂತೆ. ಪ್ರಾಣವನ್ನೇ ಪಣವಿಟ್ಟವರಂತೆ ಆಡಿದರು. ಮೂರನೆಯ ಕಾಲುಭಾಗದಲ್ಲಿ ನಮ್ಮವರು 15–10ರಿಂದ ಮುಂದಿದ್ದಾಗ ಕೋಚ್ ಜಿಮ್ ಕಾಲ್ಡ್‌ವೆಲ್ ಮ್ಯಾನಿಂಗನನ್ನು ಹೊರಗೆ ಕರೆದು ನಿಲ್ಲಿಸಿ, ಹೊಸ ಹುಡುಗ ಪೇಂಟರನನ್ನು ಇಳಿಸಿದರು. ಆ ಹುಡುಗನ ಕೈಯಿಂದ ಚೆಂಡು ಜಾರಿತು, ಜೆಟ್ಸಿಗೆ ಟಚ್‌ಡೌನ್ ಆಯಿತು. ಕೊನೆಗೆ 29–15, ಸೋಲು. ಅಷ್ಟೂ ಜನ ಸ್ವಂತ ತಂಡವನ್ನೇ “ಬೂ” ಎಂದು ಕೂಗಿದರು. ಮೈ ಜುಮ್ಮೆಂದಿತು.

ರಾತ್ರಿ ಊಟಕ್ಕೆ ಕುಳಿತಾಗ ವಾದ. “ಅವನ ಮೊಣಕಾಲು ಮುರಿದಿದ್ದರೆ?” ಎಂದಳು ಮಗಳು. ಅಳಿಯಂದಿರು ಎರಡು ವರ್ಷದ ಹಿಂದಿನ ನಿದರ್ಶನ ತೆಗೆದರು. 2007ರ ಡಿಸೆಂಬರ್ 29ರಂದು ನ್ಯೂಯಾರ್ಕಿನ ಜೈಂಟ್ಸ್‌ಗೂ ಹೀಗೆಯೇ ಸ್ಥಾನ ಗೊತ್ತಾಗಿಹೋಗಿತ್ತಂತೆ. ಆದರೂ ಅಜೇಯ ಪೇಟ್ರಿಯಟ್ಸ್ ಎದುರು ಪೂರ್ಣ ಬಲದಿಂದ ಆಡಿ 38–35ರಲ್ಲಿ ಸೋತರು. ಐದು ವಾರದ ಮೇಲೆ ಸೂಪರ್ ಬೌಲಿನಲ್ಲಿ ಅದೇ ಪೇಟ್ರಿಯಟ್ಸನ್ನು 17–14ರಲ್ಲಿ ಸೋಲಿಸಿದರು. “ಆಡಿದ್ದಕ್ಕೇ ಗೆದ್ದರೆಂದು ಹೇಗೆ ಹೇಳುತ್ತೀರಿ?” ಎಂದಳು ಮಗಳು. ಲಾಯರಾಗಬೇಕಾಗಿತ್ತು ಅವಳು.

ಅವಳ ಮಾತು ಸುಳ್ಳಾಗಲಿಲ್ಲ. ವಿಶ್ರಾಂತಿ ಪಡೆದ ಕೋಲ್ಟ್ಸ್ ಜನವರಿಯಲ್ಲಿ ಅದೇ ಜೆಟ್ಸನ್ನು ಸೋಲಿಸಿ ಸೂಪರ್ ಬೌಲಿಗೆ ಹೋದರು. ಅಲ್ಲಿ ನ್ಯೂ ಆರ್ಲಿಯನ್ಸಿನವರಿಗೆ 31–17ರಲ್ಲಿ ಸೋತರು. ಲೆಕ್ಕ ಎರಡು ಕಡೆಗೂ ಸರಿಹೋಗುತ್ತದೆ! 2020ರಿಂದ ಕಾನ್ಫರೆನ್ಸಿಗೆ ಏಳು ತಂಡ ಮಾಡಿ, ಬಿಡುವನ್ನು ಮೊದಲ ಸ್ಥಾನದವರೊಬ್ಬರಿಗೇ ಇಟ್ಟಿದ್ದಾರೆ. ಎರಡನೆಯವರು ಇನ್ನು ಕಾಲು ಚಾಚಿ ಕೂರುವಂತಿಲ್ಲ. ಒಂದನೆಯವರನ್ನು ಎಬ್ಬಿಸುವ ನಿಯಮ ಮಾತ್ರ ಇನ್ನೂ ಹುಟ್ಟಿಲ್ಲ.

ಆ ವಾದದಲ್ಲಿ ನಾನು ಬಾಯಿ ಹಾಕಲಿಲ್ಲ. ನನ್ನ ನಿವೃತ್ತಿಗೆ ಆರು ವಾರವಿದ್ದಾಗ ಒಬ್ಬ ಹೆಂಗಸು ಕುಟುಂಬ ಪಿಂಚಣಿಯ ಕಡತಕ್ಕಾಗಿ ನಮ್ಮ ಕಚೇರಿಗೆ ಬರುತ್ತಿದ್ದಳು. ಎರಡು ದಿನ ಕೂತರೆ ಮುಗಿಯುವ ಕೆಲಸ. ನನ್ನ ಬಡ್ತಿ, ಇನ್‌ಕ್ರಿಮೆಂಟು ಎಲ್ಲ ಮುಗಿದಿತ್ತು; ಇನ್ನು ಯಾರಿಗೆ ತೋರಿಸಬೇಕು? “ಮುಂದಿನವರ ಗಮನಕ್ಕೆ” ಎಂದು ಬರೆದು ಕಟ್ಟಿಟ್ಟೆ. ಬೀಳ್ಕೊಡುಗೆಯ ದಿನ ಹಾರ ಹಾಕಿಸಿಕೊಂಡು ಹೊರಬರುವಾಗ ಆಕೆ ವೆರಾಂಡದ ಬೆಂಚಿನ ಮೇಲೆ ಕೂತಿದ್ದಳು. ನನ್ನನ್ನು ಕಂಡು ಎದ್ದುನಿಂತು ಕೈ ಮುಗಿದಳು. “ಬೂ” ಎಂದು ಕೂಗಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಮೊಮ್ಮಗ ಮಲಗುವ ಮುಂಚೆ ಕೇಳಿದ: “ತಾತ, ಮ್ಯಾನಿಂಗ್ ಯಾಕೆ ಆಡಲಿಲ್ಲ?”

“ಕಾಲು ನೋವಿತ್ತೋ ಏನೋ ಮರಿ.”

“ಇಲ್ಲ ತಾತ, ನಾನು ನೋಡಿದೆ. ಚೆನ್ನಾಗಿ ನಿಂತಿದ್ದ” ಎಂದು ಮಗು ಗೋಡೆಯ ಕಡೆ ತಿರುಗಿ ಮಲಗಿತು. ಆ ರಾತ್ರಿ ಅಂಗಿ ಕುರ್ಚಿಯ ಮೇಲಿತ್ತು.