ನನ್ನ ಮೂರೂರಿನ ಟೂರು

ಹೋದ ವರ್ಷದ ಆಷಾಢದ ಮಾತು. ಬೀದರದಲ್ಲಿ ಕಾಲೇಜು ಓದುವ ನನ್ನ ಮಗಳು ಊರಿಗೆ ಬಂದಿದ್ದಳು. ನಾನು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ. ಆಕೆ ಮೊಬೈಲು ಹಿಡಿದುಕೊಂಡು ಬಂದು, “ಅವ್ವ, ಜರಾ ಇಕಿನ ನೋಡು. ಇದು ಇಕಿದು ಮೊದಲನೇ ಸೋಲೋ ಟೂರ್” ಎಂದಳು.

“ಸೋಲೋದು ಅಂದ್ಮ್ಯಾಲ ಅದರಾಗ ನೋಡೂದೇನದ?” ಎಂದೆ.

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೋಲೋ ಅಂದರೆ ಸೋಲುವುದಲ್ಲವಂತೆ, ಒಬ್ಬರೇ ಹಾಡುವುದಂತೆ. ನಾನೂ ನಕ್ಕೆ. ಆದರೆ ನನ್ನ ಮಟ್ಟಿಗೆ ಆ ಎರಡೂ ಮಾತು ಒಂದೇ ಆಗಿದ್ದವು ಎಂಬುದು ಆಕೆಗೆ ಗೊತ್ತಿರಲಿಲ್ಲ.

ಮೊಬೈಲಿನಲ್ಲಿ ಇದ್ದವಳು ಅಮೆರಿಕದ ಪಾಪ್ ಗಾಯಕಿ ಬಿಯಾನ್ಸೆ. ಉಡುಗೆ ನೋಡಿ ಮೊದಲು ಕಣ್ಣು ತಗ್ಗಿಸಿದೆ. ದನಿ ಕೇಳಿ ಮತ್ತೆ ಎತ್ತಿದೆ. ಹೂಸ್ಟನ್ ಊರಿನ ಈ ಹುಡುಗಿ ಚಿಕ್ಕಂದಿನಿಂದ ಗೆಳತಿಯರ ಜೊತೆ ಕೂಡಿ ಹಾಡಿ, ‘ಡೆಸ್ಟಿನೀಸ್ ಚೈಲ್ಡ್’ ಎಂಬ ತಂಡದಲ್ಲಿ ಹೆಸರು ಮಾಡಿದವಳು. 2003ರಲ್ಲಿ ತನ್ನೊಬ್ಬಳ ಹೆಸರಿನ ಮೊದಲ ಆಲ್ಬಂ ತಂದಳು. ಆ ವರ್ಷ ನವೆಂಬರಿನಲ್ಲಿ ಬ್ರಿಟನ್ನಿನಿಂದ ಆರಂಭಿಸಿ, ತಂಡದ ಗೆಳತಿಯರಿಲ್ಲದೆ ಊರೂರಿಗೆ ಹೋಗಿ ಹಾಡಿದಳು. ನಾವು ನೋಡಿದ್ದು ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಕಚೇರಿ. ಆಗ ಆಕೆಗೆ 22 ವರ್ಷ.

“ಹುಟ್ಟಿದ್ದು 1981ರಾಗ ಅವ್ವ” ಎಂದಳು ಮಗಳು.

ನಾನೂ 1981ರವಳೇ! ಆ ನವೆಂಬರಿನಲ್ಲಿ ನಾನೇನು ಮಾಡುತ್ತಿದ್ದೆ ಎಂದು ನೆನೆಸಿಕೊಂಡೆ. ಹಿರಿಯ ಮಗ ತೊಟ್ಟಿಲಲ್ಲಿದ್ದ. ಅವನಿಗೆ ಜೋಗುಳ ಹಾಡುತ್ತಿದ್ದೆ. ಕೇಳುವವನು ಅವನೊಬ್ಬನೇ. ಅವನೂ ನಿದ್ದೆ ಹೋಗುತ್ತಿದ್ದ.

ಹಾಗೆಂದು ನಾನು ಹಾಡು ಬಿಟ್ಟವಳಲ್ಲ. ನಮ್ಮ ಖಟಕ ಚಿಂಚೋಳಿಯ ಹೆಣ್ಣುಮಕ್ಕಳ ಭಜನಾ ಮಂಡಳಿಯಲ್ಲಿ ಹದಿನೈದು ವರ್ಷದಿಂದ ಇದ್ದೇನೆ. ಆದರೆ ಸದಾ ಹಿಂದಿನ ಸಾಲು. ಕೈಯಲ್ಲಿ ತಾಳ, ಬಾಯಲ್ಲಿ ಹಿಮ್ಮೇಳ. ಹಿಮ್ಮೇಳದ ಸುಖ ಹಾಡುವವರಿಗೇ ಗೊತ್ತು. ದನಿ ತಪ್ಪಿದರೆ ಪಕ್ಕದಾಕೆ ಮುಚ್ಚುತ್ತಾಳೆ, ಪದ ಮರೆತರೆ ತುಟಿ ಆಡಿಸಿದರೆ ಸಾಕು. ಹತ್ತು ಮಂದಿಯ ಸೆರಗಿನಲ್ಲಿ ನಮ್ಮ ತಪ್ಪೂ ಅಡಗುತ್ತದೆ.

ನಾನು ಹಿಂದೆ ಕೂತದ್ದಕ್ಕೆ ಕಾರಣವಿತ್ತು. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಆಗಸ್ಟ್ 15ರ ದಿನ ನನ್ನೊಬ್ಬಳನ್ನೇ ಹಾಡಲು ನಿಲ್ಲಿಸಿದ್ದರು. ಮೊದಲ ಸಾಲು ಬಂತು. ಎರಡನೆಯದಕ್ಕೆ ಗಂಟಲು ಕಟ್ಟಿತು. ಯಾರೋ ಕಿಸಕ್ಕೆಂದು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನಾನು ಅಳುತ್ತ ಮನೆಗೆ ಓಡಿದೆ. ಅವತ್ತು ಹಾಕಿಕೊಂಡ ಆಣೆ, ಒಬ್ಬಳೇ ಎಂದೂ ಹಾಡಬಾರದು ಅಂತ.

ಆದರೆ ಆ ಆಷಾಢದಲ್ಲೇ ಮಂಡಳಿಯಲ್ಲಿ ಮುಂದೆ ಕೂತು ಹಾಡುತ್ತಿದ್ದ ಆಯಿ, “ನನ್ನ ಉಸುರು ಸಾಲವಲ್ದು ತಂಗಿ. ಈ ಶ್ರಾವಣದಾಗ ನೀನೇ ಹಾಡು” ಎಂದುಬಿಟ್ಟಿದ್ದರು. ಮೂರು ಊರಿನ ಒಪ್ಪಿಗೆ ಆಗಲೇ ಕೊಟ್ಟಾಗಿತ್ತು: ಚಳಕಾಪುರ, ಭಾತಂಬ್ರಾ, ಕೊನೆಗೆ ಭಾಲ್ಕಿ. ನಾನು ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ರಾತ್ರಿ ನಿದ್ದೆ ಮಾತ್ರ ಹಾರಿತ್ತು.

ಮಗಳಿಗೆ ಎಲ್ಲ ಹೇಳಿದೆ. “ಅಕಿ 22ಕ್ಕ ಹೋದಳು. ನನಗೀಗ 44. ಸಮಯ ದಾಟಿತವ್ವ” ಎಂದೆ.

ಹೀಗೆ ಅಂದ ಮೇಲೆ ನನಗೇ ಸಿ. ಅಶ್ವತ್ಥ್ ನೆನಪಾದರು. ನಮ್ಮ ಭಾವಗೀತೆಗಳನ್ನು ಮನೆಮನೆಗೆ ಮುಟ್ಟಿಸಿದ ಅಶ್ವತ್ಥರು ಅನೇಕ ವರ್ಷ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಹಾಡಿದವರು. ಸಿನಿಮಾದಲ್ಲೂ ಎಲ್. ವೈದ್ಯನಾಥನ್ ಅವರೊಡನೆ ಜೋಡಿಯಾಗಿ ‘ಅಶ್ವತ್ಥ್–ವೈದಿ’ ಎಂಬ ಹೆಸರಲ್ಲಿ ಎಷ್ಟೋ ಸಂಗೀತ ಕೊಟ್ಟರು. ಸಣ್ಣಪುಟ್ಟ ವೇದಿಕೆ ಅವರಿಗೆ ಹೊಸದಲ್ಲ. ಆದರೆ 2005ರ ಏಪ್ರಿಲ್ 23ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಎಂದು ಕಚೇರಿ ಮಾಡಿದರಲ್ಲ, ಅದು ಬೇರೆಯೇ. ಸಿನಿಮಾ ನಟರಿಗೆ ಸೇರುವಂಥ ಜನ ಬರೀ ಕವಿಗಳ ಹಾಡು ಕೇಳಲು ಬಂದರು. ಲಕ್ಷದ ಲೆಕ್ಕದಲ್ಲಿ ಬಂದರು. ಹುಟ್ಟಿದ್ದು 1939ರ ಡಿಸೆಂಬರ್ 29ಕ್ಕೆ. ಅಂದರೆ ಆ ಸಂಜೆ ಅವರಿಗೆ 65 ವರ್ಷ. ನಾಲ್ಕೂವರೆ ವರ್ಷದ ಮೇಲೆ, 2009ರಲ್ಲಿ, ತಮ್ಮ ಹುಟ್ಟಿದ ದಿನವೇ ತೀರಿಕೊಂಡರು. ಇನ್ನೇನು ಸಾಕು ಎಂದು ಮನೆಯಲ್ಲಿ ಕೂತಿದ್ದರೆ ಆ ಸಂಜೆ ಅವರಿಗೂ ಇರುತ್ತಿರಲಿಲ್ಲ, ನಮಗೂ ಇರುತ್ತಿರಲಿಲ್ಲ.

22ಕ್ಕೂ 65ಕ್ಕೂ ನಡುವೆ 44 ಇದೆ. ಲೆಕ್ಕದಲ್ಲಿ ನಾನು ಎಂದೂ ಜಾಣೆಯಲ್ಲ, ಆದರೆ ಇಷ್ಟು ತಿಳಿಯಿತು.

ಮನೆಯಲ್ಲಿ ಅತ್ತೆಯವರಿಗೆ ಹಿಡಿಸಲಿಲ್ಲ. “ನಾಲ್ಕು ಮಂದ್ಯಾಗ ಒಬ್ಬಾಕೇ ಮುಂದ ಕುಂತು ಹಾಡಿದ್ರ ಏನಂದಾರು? ಈ ವಯಸ್ಸಿನಾಗ ಬೇಕಾ ಇದು?” ಎಂದರು. ಯಜಮಾನರು ಪೇಪರಿನಿಂದ ತಲೆ ಎತ್ತದೆ, “ದೇವರ ಪದ ಹಾಡ್ಲಾಕ ವಯಸ್ಸೇನು? ಹೋಗಿ ಬರ್ಲಿ ಬಿಡವ್ವ” ಎಂದರು. ನನ್ನ ಪಾಲಿಗೆ ಅದೇ ದೊಡ್ಡ ಆಶೀರ್ವಾದ. ಎರಡು ದಿನಕ್ಕಾಗುವಷ್ಟು ಕಡಕ್ ರೊಟ್ಟಿ ಬಡಿದಿಟ್ಟೆ, ಶೇಂಗಾ ಹಿಂಡಿ ಕುಟ್ಟಿಟ್ಟೆ. ಮಜ್ಜಿಗೆ, ಉಪ್ಪಿನಕಾಯಿ ಬಿಟ್ಟು ಹದಿನೈದು ದಿನ ಬಿಸಿನೀರು ಕುಡಿದೆ. ಮಗಳು ಊರಿಗೆಲ್ಲ, “ನಮ್ಮವ್ವಂದು ಮೊದಲನೇ ಟೂರ್” ಎಂದು ಸಾರಿದಳು.

ಮೊದಲ ಊರು ಚಳಕಾಪುರ. ಹುಬ್ಬಳ್ಳಿಯ ಸಿದ್ಧಾರೂಢರು ಹುಟ್ಟಿದ ಊರದು. ಅಂಥ ನೆಲದಲ್ಲಿ ಬಾಯಿ ತೆರೆಯಬೇಕಲ್ಲ ಎಂದು ಅಂಗೈ ಬೆವೆತಿತು. ಪೇಟಿ ಶ್ರುತಿ ಕೊಟ್ಟಿತು. ಶಿಶುನಾಳ ಶರೀಫರ ಸೋರುವ ಮಾಳಿಗೆಯ ಪದ ಹಿಡಿದೆ. ಮಾಳಿಗೆಯ ನೆಪದಲ್ಲಿ ಮನುಷ್ಯನ ಅಜ್ಞಾನವನ್ನು ಹೇಳುವ ತತ್ವಪದ ಅದು. ಅಶ್ವತ್ಥರ ಕಾಲಕ್ಕೆ ಕ್ಯಾಸೆಟ್ಟಿಗೆ ಬಂತು. ನಮ್ಮವ್ವನಿಗೆ ಮಾತ್ರ ಅದು ಮಳೆಗಾಲದ ಹಾಡು. ತವರಿನ ಮಣ್ಣಿನ ಮಾಳಿಗೆ ಸೋರಿದಾಗ ಕೊಡ, ತಪ್ಪಲೆ, ಪರಾತ ಒಂದೊಂದೇ ಇಡುತ್ತ ಅದನ್ನೇ ಹಾಡುತ್ತಿದ್ದಳು. ತಟತಟ ಹನಿಯೇ ಆಕೆಗೆ ತಾಳ.

ಮೊದಲ ಸಾಲು ಬಂತು. ಎರಡನೆಯದಕ್ಕೆ, ಅದೇ ಹಳೇ ಜಾಗದಲ್ಲಿ, ಗಂಟಲು ಕಟ್ಟಿತು.

ಯಾರಾದರೂ ನಗುತ್ತಾರೆಂದು ಕಾದೆ. ಯಾರೂ ನಗಲಿಲ್ಲ. ಎದುರಿಗೆ ಕಂಬಕ್ಕೆ ಒರಗಿ ಕೂತಿದ್ದ ಮುದುಕಿಯೊಬ್ಬಳು ಕಣ್ಣು ಮುಚ್ಚಿಕೊಂಡೇ ಆ ಸಾಲನ್ನು ಎತ್ತಿಕೊಂಡಳು. ದನಿ ನಡುಗುತ್ತಿತ್ತು, ಪದ ನಡುಗಲಿಲ್ಲ. ಬೆನ್ನ ಹಿಂದೆ ನನ್ನ ಮಂಡಳಿಯವರು ಕೂಡಿದರು. ಅವರ ದನಿಯ ಮೇಲೆ ನನ್ನ ದನಿ ಮೆಲ್ಲಗೆ ಎದ್ದು ನಿಂತಿತು. ಆಮೇಲೆ ಇಳಿಯಲಿಲ್ಲ.

ಹದಿನೈದು ವರ್ಷ ನಾನು ಹಿಮ್ಮೇಳ ಎಂದರೆ ಅಡಗಿಕೊಳ್ಳುವ ಜಾಗ ಎಂದುಕೊಂಡಿದ್ದೆ. ಮುಂದೆ ಕೂತವರನ್ನು ಬೀಳದಂತೆ ಹಿಡಿಯುವ ಕೈಯೂ ಅದೇ ಎಂದು ಅವತ್ತು ತಿಳಿಯಿತು. ವೆಂಬ್ಲಿಯ ಆ ಹುಡುಗಿಯ ಹಿಂದೆಯೂ ವಾದ್ಯದವರಿದ್ದರು, ಅಶ್ವತ್ಥರ ಹಿಂದೆಯೂ ದೊಡ್ಡ ಮೇಳವಿತ್ತು. ಒಬ್ಬರೇ ಹಾಡುವುದು ಅಂದರೆ ಒಂಟಿಯಾಗುವುದಲ್ಲ. ತಪ್ಪಿದರೆ ಅದು ನನ್ನದೇ ತಪ್ಪು ಎಂದು ಒಪ್ಪಿಕೊಂಡು ಬಾಯಿ ತೆರೆಯುವುದು.

ಭಾತಂಬ್ರಾದಲ್ಲಿ ಒಂದು ಪದ ಅರ್ಧಕ್ಕೆ ಮರೆತೆ. ಮತ್ತೆ ಮೊದಲಿನಿಂದ ಹಿಡಿದೆ. ಭಾಲ್ಕಿಯಲ್ಲಿ ಏನೂ ಮರೆಯಲಿಲ್ಲ. ಇಷ್ಟೇ ನನ್ನ ಟೂರು.

ಕೊನೆಯ ರಾತ್ರಿ ಮನೆ ಮುಟ್ಟಿದಾಗ ಅತ್ತೆ ಇನ್ನೂ ಎಚ್ಚರಿದ್ದರು. ಏನೂ ಕೇಳಲಿಲ್ಲ. ಒಳಗೆ ಹೋಗಿ ಬೆಲ್ಲ, ಮೆಣಸು ಹಾಕಿ ಕುದಿಸಿದ ನೀರಿನ ಲೋಟ ತಂದು ಮುಂದಿಟ್ಟರು. “ಗಂಟಲ ಬಿದ್ದದ. ಕುಡಿ” ಎಂದರು. ಸ್ವಲ್ಪ ಹೊತ್ತಿನ ಮೇಲೆ, ಗೋಡೆ ಕಡೆ ತಿರುಗಿ ಮಲಗಿಕೊಂಡು, “ಆ ಮಾಳಿಗಿ ಪದ ನಿಮ್ಮವ್ವ ಛಲೋ ಹಾಡ್ತಿದ್ದಳಂತಲ್ಲ. ನಾಳೆ ನನಗೊಮ್ಮೆ ಹಾಡು” ಎಂದರು.

ಮರುದಿನ ರೊಟ್ಟಿ ಬಡಿಯುತ್ತ ಹಾಡಿದೆ. ಒಬ್ಬಳೇ.